ಹಸಿರು ದೀಪದ ದುಃಖ

ಇಂಗ್ಲಿಷ್ ಕತೆಯ ಕೊನೆಯ ಪುಟ ಬಂತು. ಮುದುಕಿ ತಾನು ಸಾಕಿದ ಆಡನ್ನು ಸಂತೆಯಲ್ಲಿ ಮಾರಿ, ಬರಿಯ ಹಗ್ಗ ಹಿಡಿದು ಮನೆಗೆ ಹೊರಟಳು. ಗದಗ ಸೀಮೆಯ ಆ ಹೈಸ್ಕೂಲಿನ ಒಂಬತ್ತನೇ ತರಗತಿಯಲ್ಲಿ ಮಕ್ಕಳ ಹಣೆಯ ಮೇಲಿನ ದೀಪಗಳು ಒಂದೊಂದಾಗಿ ಹಸಿರಾದವು. ಮಾಳವ್ವನದು ಮಾತ್ರ ಕೆಂಪಾಗಿಯೇ ಉಳಿಯಿತು.

ಹಣೆಗೆ ಕಟ್ಟಿದ್ದು ಭಾವಪಟ್ಟಿ. ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ ಅಲೆಗಳನ್ನು ಅಳೆದು, ಓದುವ ಮಗುವಿಗೆ ಏನನ್ನಿಸುತ್ತಿದೆ ಎಂದು ಅದು ತಿಳಿಸುತ್ತದೆ. ಯಾವ ಕತೆಗೆ ಏನನ್ನಿಸಬೇಕು ಎಂಬುದನ್ನು ಪಠ್ಯಪುಸ್ತಕ ಸಮಿತಿ ಮೊದಲೇ ಗೊತ್ತುಮಾಡಿರುತ್ತದೆ. ಎರಡೂ ಹೊಂದಿದರೆ ಪಟ್ಟಿಯ ದೀಪ ಹಸಿರು, ಇಲ್ಲದಿದ್ದರೆ ಕೆಂಪು. ಬಾಯಿಪಾಠದ ಪೀಡೆ ತೊಲಗಲಿ ಎಂದು ಡಾ. ಇಂದುಮತಿ ಕಟಗೇರಿ ಇದನ್ನು ಕಂಡುಹಿಡಿದಿದ್ದರು. ಲಿಖಿತ ಪರೀಕ್ಷೆ ಹೋಯಿತು, ಗೈಡುಗಳೂ ಹೋದವು. ಪಾಪ, ಅವರಿಗೆ ಮಿದುಳು ಗೊತ್ತಿತ್ತು, ನಮ್ಮ ಶಾಲೆ ಗೊತ್ತಿರಲಿಲ್ಲ.

"ಯಾಕವಾ, ನಿನಗ ದುಃಖ ಬರಲಿಲ್ಲೇನು?" ಎಂದರು ಹೂಗಾರ ಟೀಚರ್.

"ಆಡು ಮಾರಿದ ದಿನ ನಮ್ಮನ್ಯಾಗ ಹೋಳಿಗಿ ಮಾಡ್ತಾರ್ರೀ. ಅಳೂದ್ಯಾಕ್ರೀ?"

ಕುರಿ ಕಾಯುವವರ ಮನೆಯ ಹುಡುಗಿ. ಅವಳ ಮಾತಿನಲ್ಲಿ ತಪ್ಪೇನಿತ್ತು? ಆದರೆ ಯಂತ್ರಕ್ಕೆ ಹೋಳಿಗೆ ಗೊತ್ತಿಲ್ಲ. ವಾರ್ಷಿಕ ಪರೀಕ್ಷೆಯಲ್ಲೂ ಇದೇ ಕತೆಗೆ ಕೆಂಪು ಬಂದರೆ ಅವಳು ಹತ್ತನೇ ತರಗತಿಗೆ ಹೋಗುವಂತಿರಲಿಲ್ಲ. ಶಾಲೆ ಬಿಡಿಸಿದರೆ ಮುಂದಿನದು ಮದುವೆಯೇ.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವವರು ನಮ್ಮ ಮೇಷ್ಟ್ರುಗಳು. ಹಿಂದೆ ಉತ್ತರ ಬರೆಸುತ್ತಿದ್ದ ಹಾಗೆಯೇ ಟೀಚರ್ ಈಗ ದುಃಖವನ್ನು ಬರೆಸಿದರು. "ಮುದುಕಿ ಹಗ್ಗ ಹಿಡದ್ಲು ಅಂದ ಕೂಡ್ಲೇ, ತೀರಿಹೋದ ನಿಮ್ಮ ಆಯಿನ್ನ ನೆನಸ್ಕೋ. ಆಕಿ ಕಂಬಳಿ ನೆನಸ್ಕೋ. ಹತ್ತು ಸಲ ಮಾಡು, ರೂಢಿ ಆಗ್ತೈತಿ."

ಮಾಳವ್ವ ಬೆಳಿಗ್ಗೆ ಸಂಜೆ ಅಜ್ಜಿಯನ್ನು ನೆನೆದು ಅತ್ತಳು. ಉಳಿದ ಮಕ್ಕಳಿಗೂ ಟೀಚರ್ ತಕ್ಕ ತಕ್ಕ ಸಾವುಗಳನ್ನು ಹುಡುಕಿಕೊಟ್ಟರು. ಪರೀಕ್ಷೆಯ ದಿನ ತರಗತಿಯೆಲ್ಲ ಹಸಿರೋ ಹಸಿರು.

ಈ ಫಲಿತಾಂಶ ಕಂಡು ಹಿಗ್ಗಿದ ಇಂದುಮತಿ ಸ್ವತಃ ಶಾಲೆಗೆ ಬಂದರು. ಮಾಳವ್ವನನ್ನು ಹತ್ತಿರ ಕರೆದು, "ಕತೆ ಅಷ್ಟು ಚೆನ್ನಾಗಿ ಮನಸ್ಸಿಗೆ ತಟ್ಟಿತಾ?" ಎಂದು ಕೇಳಿದರು. ಹುಡುಗಿ ಸುಳ್ಳು ಕಲಿತಿರಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟಳು.

"ಪಾಸಾದೆ ರೀ. ಆದ್ರ ಈಗ ಆಯಿ ಕಂಬಳಿ ಕಂಡ್ರ ಏನೂ ಅನಸೂದಿಲ್ರೀ. ಆ ಆಡಿನ ಪಾಠ ಅಷ್ಟ ನೆನಪಾಗ್ತೈತಿ. ಆಯಿ ಮೊದಲಿನ್ಹಂಗ ನೆನಪಾಗಾಕ ಏನರೆ ಮಷೀನ್ ಐತೇನ್ರೀ?"

ತಮ್ಮ ಯಂತ್ರದ ಮೇಲೆ, ಟೀಚರ್ ಮೇಲೆ, ತಮ್ಮ ಮೇಲೆಯೇ ಇಂದುಮತಿಗೆ ಸಿಟ್ಟು ಬಂತು. "ಎಂಥ ಕೆಲಸ ಮಾಡಿದಿರಿ! ಇವತ್ತೇ ಈ ಪಟ್ಟಿಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ."

"ತಗೊಂಡು ಹೋಗ್ರಿ," ಎಂದರು ಟೀಚರ್, ಕಣ್ಣೊರೆಸಿಕೊಳ್ಳುತ್ತ. "ಮತ್ತ ಪ್ರಶ್ನಿ ಬರ್ತಾವು, ಮತ್ತ ಉತ್ತರ ಬರಸ್ತೀವಿ. ನೀವು ಸಾಲ್ಯಾಗಿದ್ದಾಗ ಕತಿ ಓದಿ ನಿಮಗ ಏನನಿಸ್ತು ಅಂತ ಯಾರರೆ ಕೇಳಿದ್ರೇನ್ರೀ?"

ಇಂದುಮತಿ ಶಾಲೆ ಓದಿದ್ದು ಬಹಳ ಹಿಂದೆ, ಅಂದರೆ ನಾವು ನೀವು ಬದುಕಿರುವ ಈ ದಿನಗಳಲ್ಲಿ. ಅವರು ನೆನಪಿಸಿಕೊಳ್ಳಲು ನೋಡಿದರು. ಅಂದಿನ ಟೀಚರ್ ಬರೆಸಿದ ಐದು ಅಂಕದ ಉತ್ತರಗಳು ಒಂದಕ್ಷರ ತಪ್ಪದೆ ಬಾಯಿಗೆ ಬಂದವು. ಕತೆ ಮಾತ್ರ ಒಂದೂ ನೆನಪಾಗಲಿಲ್ಲ.