ಅಂಕಸಮುದ್ರದಲ್ಲಿ ಗಂಡು ನೋಡಿದ್ದು

ಗಂಡು ಬಿಳಿ ಅಂಗಿ ತೊಟ್ಟು ಬಂದಿತ್ತು. ಅದೂ ಎಂಥ ಬಿಳುಪು, ಬೆಳಗಿನ ಬಿಸಿಲಿಗೆ ಕಣ್ಣು ಕುಕ್ಕುವಂಥದ್ದು. ಅಂಕಸಮುದ್ರ ಕೆರೆಯ ಏರಿ ಹತ್ತಿ ಕೊಟ್ರಸ್ವಾಮಿ ಕಾಣಿಸಿಕೊಂಡದ್ದೇ ತಡ, ಕರಿಜಾಲಿ ಮರದಲ್ಲಿ ತೂಕಡಿಸುತ್ತಿದ್ದ ಇರುಳು ಬಕಗಳೆಲ್ಲ ಒಟ್ಟಿಗೆ ಎದ್ದು ಹಾರಿಹೋದವು.

ನಸುಕಿನಿಂದ ಉಸಿರು ಬಿಗಿಹಿಡಿದು ಕೂತಿದ್ದ ಗೀತಾಂಜಲಿ ದುರ್ಬೀನು ಇಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಹೆಣ್ಣು ನೋಡಾಕ ಬಂದೀರೋ, ಹಕ್ಕಿ ಓಡ್ಸಾಕ ಬಂದೀರೋ?”

“ಇಸ್ತ್ರಿ ಮಾಡಿಸಿ ಹಾಕಿ ಕಳ್ಸಿದ್ದು ನಮ್ಮವ್ವ,” ಅಂದ ಅವನು. “ಬೈಯೋದಿದ್ರ ನಂಬರ್ ಕೊಡ್ತೀನಿ ತಗೊಳ್ರಿ.”

ನಗಬಾರದು ಅಂದುಕೊಂಡಿದ್ದಳು. ತುಟಿ ಮಾತು ಕೇಳಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ ಹೀಗೆ ಕೆರೆಯ ದಂಡೆಗೆ ಬಂದದ್ದು ಅವಳ ಹಟದಿಂದಲೇ. ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಗೀತಾಂಜಲಿಗೆ ರಜೆ ಬಂತೆಂದರೆ ಕೆರೆ, ಜಲಾಶಯ, ಹಕ್ಕಿ, ಅಷ್ಟೇ ಲೋಕ. ಹಿಂದೆ ಬಂದ ಗಂಡಿನವರು ಉಪ್ಪಿಟ್ಟು ಶಿರಾ ತಿಂದು, ಹುಡುಗಿ ಲಕ್ಷಣ ಎಂದು ಹೊಗಳಿ, ಎದ್ದು ಚಪ್ಪಲಿ ಮೆಟ್ಟುವಾಗ ಮಾತ್ರ ಮದುವೆಯಾದ ಮೇಲೆ ಈ ಕೆರೆ ತಿರುಗಾಟ ಬಿಡಬೇಕು ಅಂದಿದ್ದರು. ಅವಳು ಅವರನ್ನೇ ಬಿಟ್ಟಿದ್ದಳು. ಈ ಸಲ ತಾಯಿ ದಾಕ್ಷಾಯಣಮ್ಮನ ಹತ್ತಿರ ಒಪ್ಪಂದವಾಗಿತ್ತು: ಹುಡುಗ ಮೊದಲು ಕೆರೆಗೆ ಬರಲಿ, ಅವಳ ಜೊತೆ ಒಂದು ದಿನ ತಿರುಗಲಿ, ಸಂಜೆಗೆ ಅವಳು ಹೂಂ ಅಥವಾ ಊಹೂಂ ಅನ್ನಬೇಕು.

ಕೊಟ್ಟೂರಿನಲ್ಲಿ ಪೈಪು, ಮೋಟರಿನ ಅಂಗಡಿ ಇಟ್ಟಿರುವವನು ಈ ಕರಾರಿಗೆ ಒಪ್ಪಿ ಬರುತ್ತಾನೆಂದು ಅವಳು ನಂಬಿರಲಿಲ್ಲ.

ಕೆರೆಯ ಕಾವಲುಗಾರ ಓಬಳೇಶಪ್ಪ, ದಾಕ್ಷಾಯಣಮ್ಮನ ಪರವಾಗಿ ಇಬ್ಬರ ಮೇಲೂ ಒಂದು ಕಣ್ಣಿಟ್ಟಿದ್ದವನು, ತನ್ನ ಹೆಗಲ ಕಂಬಳಿ ತೆಗೆದು ಅಳಿಯನಾಗಲಿರುವವನಿಗೆ ಹೊದಿಸಿದ. ಹಕ್ಕಿಗೆ ಬಿಳಿ ಕಾಣಬಾರದಂತೆ. ಯುಗಾದಿ ಮುಂದಿನ ಬಿಸಿಲು, ಕರಿ ಕಂಬಳಿ! ಕೊಟ್ರಸ್ವಾಮಿ ಅಂಗಡಿಯಲ್ಲಿ ಗಿರಾಕಿಗೆ ಕಾದವನ ತಾಳ್ಮೆಯಲ್ಲಿ ಕೂತ. ಬೆವರು ಹಣೆಯಿಂದ ಇಳಿದು, ಮೂಗಿನ ತುದಿಗೆ ಬಂದು, ಅಲ್ಲೇ ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಗೀತಾಂಜಲಿ ದುರ್ಬೀನಿನ ಪಕ್ಕದಿಂದ ಅದನ್ನೇ ನೋಡುತ್ತಿದ್ದಳು.

“ಹಕ್ಕಿ ಆ ಕಡೆ ಅದಾವ್ರಿ,” ಅಂದ ಅವನು, ತಿರುಗದೆಯೇ.

ಅವಳ ಕಿವಿ ಬಿಸಿಯಾಯಿತು. ಮಾತು ಮರೆಸಲು ದುರ್ಬೀನು ಅವನ ಕೈಗಿಟ್ಟು ಗೂಡು ತೋರಿಸಿದಳು. ಬಣ್ಣದ ಕೊಕ್ಕರೆಯೊಂದು ರೆಕ್ಕೆ ಬಿಚ್ಚಿ ಕೊಡೆಯಂತೆ ನಿಂತಿತ್ತು, ಮರಿಗಳಿಗೆ ನೆರಳು ಮಾಡಿ. ಅದರ ಜೋಡಿ ನೀರು ತಂದು ಮರಿಗಳ ಮೇಲೆ ಸುರಿಯಿತು. ಅವನು ಬಾಯಿ ತೆರೆದುಕೊಂಡು ನೋಡಿದ. ದುರ್ಬೀನಿನ ಪಟ್ಟಿ ಇನ್ನೂ ಅವಳ ಕೊರಳಲ್ಲೇ ಇತ್ತು. ಅವನ ಮುಖ ಒಂದು ಗೇಣಿನಷ್ಟು ಹತ್ತಿರ. ಸೋಪಿನ ವಾಸನೆ, ಕಂಬಳಿಯ ವಾಸನೆ. ಅವಳಿಗೆ ಅಲ್ಲಿದ್ದ ಹಕ್ಕಿಗಳ ಹೆಸರೆಲ್ಲ ಒಂದು ಕ್ಷಣ ಮರೆತುಹೋಯಿತು.

ಮಧ್ಯಾಹ್ನದ ಮೇಲೆ ಮಾಲವಿ ಜಲಾಶಯಕ್ಕೆ ಹೊರಟರು. ಅವನ ಬುಲೆಟ್‌ನ ಸದ್ದಿಗೆ ಇಡೀ ಜಲಾಶಯ ಖಾಲಿಯಾಗುತ್ತದೆ ಎಂದು ಅವಳು ತನ್ನ ಸ್ಕೂಟಿ ತೆಗೆದಳು. ನೋಡಲು ಬಂದ ಗಂಡು ಹೆಣ್ಣಿನ ಬೆನ್ನಿಗೆ ಕೂತು ಹಗರಿಬೊಮ್ಮನಹಳ್ಳಿಯ ಬಜಾರು ದಾಟಿತು. ಹೂವಿನಂಗಡಿಯ ಮಾರೆಮ್ಮ ಮೊಳ ಹಾಕುವುದನ್ನು ನಿಲ್ಲಿಸಿ ನೋಡಿದಳು. ಕೊಟ್ರಸ್ವಾಮಿ ಅವಳಿಗೊಂದು ನಮಸ್ಕಾರ ಹಾಕಿದ. ಗೀತಾಂಜಲಿ ಕನ್ನಡಿಯಲ್ಲಿ ಅದನ್ನು ಕಂಡು ಹ್ಯಾಂಡಲ್ ಅಲುಗಾಡುವಷ್ಟು ನಕ್ಕಳು.

ಮಾಲವಿಯ ದಂಡೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸಾಲಾಗಿ ಕೂತಿದ್ದವು. ಈ ಹಂಗಾಮಿನ ಕೊನೆಯ ಗುಂಪು. ಬಿಸಿಲು ಇಳಿಯುತ್ತಿತ್ತು. ಆಗ ಅವನು ಗಂಟಲು ಸರಿಮಾಡಿಕೊಂಡು, ಅವ್ವ ಒಂದು ಮಾತು ಕೇಳಿಕೊಂಡು ಬಾ ಅಂದಿದ್ದಾಳೆ ಎಂದ.

ಅವಳಿಗೆ ಗೊತ್ತಿತ್ತು. ಚಪ್ಪಲಿ ಮೆಟ್ಟುವ ಹೊತ್ತು ಬಂದಿತ್ತು.

“ಮದುವಿ ಆದ ಮ್ಯಾಲೂ ಇದು ಇರ್ತೈತೇನು ಅಂತ.”

“ಇರ್ತೈತಿ,” ಅಂದಳು ನೀರು ನೋಡುತ್ತ. ಇಷ್ಟು ಗಟ್ಟಿಯಾಗಿ ಹೇಳಿದ ಮಾತಿಗೆ ಇಷ್ಟು ಅಳು ಯಾಕೆ ಬರಬೇಕು?

ಅವನು ಅವಳ ಕಡೆ ತಿರುಗಿದ.

“ನನಗ ಹಕ್ಕಿ ಹುಚ್ಚು ಇಲ್ಲರಿ, ಸುಳ್ಳು ಹೇಳಂಗಿಲ್ಲ. ಮುಂಜಾನಿಂದ ನಾ ನೋಡಿದ್ದು ನಿಮ್ಮನ್ನ. ಒಂದು ರೆಕ್ಕಿ ಅಲುಗಾಡಿದ್ರ ಸಾಕು, ನಿಮ್ಮ ಮುಖ ದೀಪ ಹಚ್ಚಿಟ್ಟಂಗ ಆಗ್ತೈತಿ. ಅದನ್ನ ಬಿಡಿಸಿ ಮನಿಗೆ ಕರ್ಕೊಂಡು ಹೋದ್ರ, ನಾ ಕರ್ಕೊಂಡು ಹೋಗಿದ್ದು ಯಾರನ್ನ? ಅವ್ವಗ ನಾನ ಹೇಳ್ತೀನಿ. ಬೈತಾಳ. ಬೈಸ್ಕೊಂತೀನಿ.”

ಅವಳು ತಿರುಗಿದಳು. ಇಡೀ ದಿನದಲ್ಲಿ ಮೊದಲ ಸಲ ಕದಿಯದೆ, ನೇರವಾಗಿ ಅವನ ಕಣ್ಣನ್ನೇ ನೋಡಿದಳು. ಅವೂ ಒದ್ದೆಯಾಗಿದ್ದವು.

ಅಷ್ಟರಲ್ಲಿ ಹೆಬ್ಬಾತುಗಳು ಕೂಗುತ್ತ ಎದ್ದವು. ನೀರಿನ ಮೇಲೊಂದು ಸುತ್ತು ಹಾಕಿ, ಸಾಲು ಕಟ್ಟಿ, ಉತ್ತರಕ್ಕೆ ತಿರುಗಿದವು.

“ಹೋಗೇಬಿಟ್ವಲ್ರಿ,” ಅಂದ ಅವನು, ತನ್ನದೇ ತಪ್ಪೇನೋ ಎಂಬಂತೆ.

“ಹಿಮಾಲಯ ದಾಟಿ ಹೋಗ್ತಾವ. ಕಾರ್ತೀಕದ ಹೊತ್ತಿಗೆ ಹೊಳ್ಳಿ ಬರ್ತಾವ.” ಅವಳು ದುಪಟ್ಟಾದ ಅಂಚು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಅವು ಬರೂದ್ರೊಳಗ ಮದುವಿ ಮುಗದಿರಬೇಕು. ಅವು ಬಂದ ಮ್ಯಾಲೆ ನನಗ ಪುರುಸೊತ್ತು ಇರಂಗಿಲ್ಲ.”

ಕೊಟ್ರಸ್ವಾಮಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅಲ್ಲೇ ದಂಡೆಯ ಕಲ್ಲಿನ ಮೇಲೆ ಕೂತು, ಮೊಬೈಲ್ ತೆಗೆದು, ಶ್ರಾವಣದಲ್ಲಿ ಒಳ್ಳೆಯ ಮುಹೂರ್ತ ಯಾವಾಗ ಇದೆ ಎಂದು ಹುಡುಕತೊಡಗಿದ.