ಎರಡನೇ ಬಾವಿಯ ಕೆಂಪು ಗೆರೆ

ಜೂನ್ ಹನ್ನೊಂದರ ಬೆಳಿಗ್ಗೆ ಅಂಕೋಲಾ ಠಾಣೆಗೆ ಬಂದ ಭಾವಿಕೇರಿಯ ಗಂಗಿ, ನೀರಿನ ಬಾಟಲಿಯೊಂದನ್ನು ಪಿಎಸ್‌ಐ ಸುಗಂಧಾ ಅವರ ಮೇಜಿನ ಮೇಲೆ ಇಟ್ಟಳು.

"ಮೂಸಿ ನೋಡಿ ಅಮ್ಮಾ. ಇದ್ನೇ ಕುಡ್ದು ಮೊಮ್ಮಗಳು ಗಾಯತ್ರಿ ಕಾರವಾರದ ಆಸ್ಪತ್ರೇಲಿ ಅದೆ. ಮೈಮೇಲೆ ಎಚ್ಚರಿಲ್ಲ. ಇನ್ನೂ ಮೂರು ಮಕ್ಕಳಿಗೆ ವಾಂತಿ-ಭೇದಿ."

"ಯಾರ ಬಾವಿ?"

"ಹೊನ್ನು ಮನೇದು. ಇಡೀ ಕೇರಿ ಅಲ್ಲೇ ಸೇದೂದು. ಪಂಚಾಯ್ತಿಯವ್ರು ನೀರು ಚೊಲೋ ಅದೆ, ವರದಿ ಬಂದದೆ ಅಂತ್ರು. ಕೂಸು ಸಾಯೂ ಹಾಂಗೆ ಬಿದ್ಕಂಡದೆ, ವರದಿ ಕಟ್ಕಂಡು ನಾ ಎಂತ ಮಾಡ್ಲಿ?"

ಮೇ ತಿಂಗಳಲ್ಲಿ ಪಂಚಾಯ್ತಿಯು ಕೇರಿಯ ನಾಲ್ಕು ಬಾವಿಗಳ ನೀರನ್ನು ಕಾರವಾರದ ಖಾಸಗಿ ಪ್ರಯೋಗಾಲಯವೊಂದರಲ್ಲಿ ಪರೀಕ್ಷೆ ಮಾಡಿಸಿತ್ತು. ವರದಿಯ ಪ್ರಕಾರ ಎರಡನೆಯದಾದ ಹೊನ್ನುವಿನ ಬಾವಿ ಕುಡಿಯಲು ಯೋಗ್ಯ. ಯಾರೂ ಬಳಸದ ನಾಲ್ಕನೆಯ ಹಾಳುಬಾವಿ ಮಾತ್ರ ಅಯೋಗ್ಯ. ಸುಗಂಧಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಅಶೋಕನೊಂದಿಗೆ ಭಾವಿಕೇರಿಗೆ ಹೊರಟರು.

ಸ್ಥಳ ಪಂಚನಾಮೆ ಮುಗಿಯುವಷ್ಟರಲ್ಲಿ ಹೊನ್ನು ಪದ್ಧತಿಯಂತೆ ಬೆಲ್ಲ, ಒಂದು ಚೊಂಬು ನೀರು ತಂದಿಟ್ಟಳು. ಅಶೋಕ ಬೇಡ ಎನ್ನಲಾಗದೆ ಚೊಂಬು ಎತ್ತಿದ್ದೇ ತಡ, ಅವಳ ಮಗ ಹರೀಶ ಓಡಿಬಂದು ಅದನ್ನು ಕಸಿದುಕೊಂಡ. ಅವನಿಗೆ ಕಾರವಾರದಲ್ಲಿ ಕೆಲಸ. ಅಂದು ರಜೆ ಹಾಕಿ ಮನೆಯಲ್ಲಿದ್ದ.

"ಅದು ನಿನ್ನೇದು ಸರ್. ಬಾಟ್ಲಿ ನೀರು ತತ್ತೆ."

"ಎಂತದಾ ತಮ್ಮಾ, ಈಗಷ್ಟೇ ಸೇದಿದ್ದು!" ಎಂದು ಹೊನ್ನು ಗದರಿದಳು.

"ಪೊಲೀಸ್ರಿಗೆ ಬಾಟ್ಲಿ ನೀರಿನ ಮರ್ಯಾದೆ ಮೇಡಂ," ಎಂದು ಅಶೋಕ ನಕ್ಕ. ಸುಗಂಧಾ ಕೂಡ ಆಗ ಹೆಚ್ಚೇನೂ ಯೋಚಿಸಲಿಲ್ಲ. ಗಂಗಿಯ ಬಾಟಲಿಯ ನೀರು ಸರ್ಕಾರಿ ಪರೀಕ್ಷೆಗೆ ಹೋಗಿತ್ತು. ಫಲಿತಾಂಶಕ್ಕೆ ಎರಡು ದಿನ ಬೇಕು. ಅಲ್ಲಿಯವರೆಗೆ ಸೇದಬೇಡಿ ಎಂದರೆ ಹೆಂಗಸರು ವರದಿಯ ಮಾತೆತ್ತುತ್ತಿದ್ದರು.

ವರದಿಯ ಮೇಲೇ ಅನುಮಾನ ಬಂದು ಸುಗಂಧಾ ಕಾರವಾರಕ್ಕೆ ಹೋದರು; ಮಧ್ಯಾಹ್ನ ಪ್ರಯೋಗಾಲಯದ ಕಂಪ್ಯೂಟರ್ ಜಪ್ತಿಯಾಯಿತು. ಸೈಬರ್ ವಿಭಾಗದ ಸಂಕೇತ ವರದಿಯ ಕರಡನ್ನು ತೆರೆದ. ಪರದೆಯ ಮೇಲೆ ಒಂದು ತಿದ್ದುಪಡಿಯೂ ಕಾಣಲಿಲ್ಲ. ಆಮೇಲೆ ಅವನು ಒಂದು ಸಣ್ಣ ಸಾಫ್ಟ್‌ವೇರ್ ಓಡಿಸಿದ. ದಾಖಲೆಯೊಳಗೆ ಉಳಿದುಕೊಂಡ ತಿದ್ದುಪಡಿಗಳಲ್ಲಿ ಅಳಿಸಿದ್ದೇನು, ಸೇರಿಸಿದ್ದೇನು, ಯಾವಾಗ, ಯಾರ ಹೆಸರಿನಲ್ಲಿ ಎಂಬುದನ್ನು ಅದು ಸಾಲಾಗಿ ಹೊರಗೆಳೆಯುತ್ತಿತ್ತು.

"ತಿದ್ದಿದ್ದನ್ನ ತೋರಿಸೋ ಕೆಂಪು ಗೆರೆ ಕಾಣದ ಹಾಗೆ ಮಾಡಿ, ಅಳಿಸಿಹೋಯ್ತು ಅಂದ್ಕೊಂಡಿದ್ದಾರೆ ಮೇಡಂ. ದೀಪ ಆರಿಸಿದ್ರೆ ಕೋಣೇಲಿರೋ ಸಾಮಾನು ಹೋಗ್ತದಾ?"

ಪಟ್ಟಿಯ ಕೊನೆಯಲ್ಲಿತ್ತು: ಎರಡನೇ ಬಾವಿ, 'ಅಯೋಗ್ಯ' ಅಳಿಸಿ 'ಯೋಗ್ಯ'. ನಾಲ್ಕನೇ ಬಾವಿ, 'ಯೋಗ್ಯ' ಅಳಿಸಿ 'ಅಯೋಗ್ಯ'. ದಿನಾಂಕ ಮೇ 24. ತಿದ್ದಿದವರು ಶಾಂತಾರಾಮ.

ಸುಗಂಧಾ ಮೊದಲು ಅಶೋಕನಿಗೆ ಫೋನ್ ಮಾಡಿದರು. "ಹೊನ್ನು ಬಾವಿ ಹತ್ರ ಹೋಗಿ ನಿಲ್ಲು. ಒಂದು ಕೊಡ ನೀರೂ ಮೇಲೆ ಬರಬಾರದು." ಆಸ್ಪತ್ರೆಯ ವೈದ್ಯರಿಗೂ ವಿಷಯ ಮುಟ್ಟಿಸಿದರು. ಆಮೇಲೆ ಪ್ರಯೋಗಾಲಯದ ಮುಖ್ಯಸ್ಥ ಶಾಂತಾರಾಮರ ಕಡೆ ತಿರುಗಿದರು.

"ಇಪ್ಪತ್ನಾಲ್ಕಕ್ಕೆ ಎಲ್ಲಿದ್ರಿ?"

"ತರಬೇತಿಗೆ ಮಂಗಳೂರಿಗೆ ಹೋಗಿದ್ದೆ. ಹಾಜರಿ ಇದೆ, ನೋಡಿ."

"ನಿಮ್ಮ ಹೆಸರಲ್ಲೇ ತಿದ್ದಿದ್ದಾರಲ್ಲ?"

ಅವರ ಮುಖ ಬಾಡಿತು. "ಇರೋದೇ ಒಂದು ಕಂಪ್ಯೂಟರ್ ಮೇಡಂ. ಹೆಸರು ನಂದು, ಕೈ ನಾಲ್ಕು ಜನರದ್ದು. ಬೇರೆ ಬೇರೆ ಹೆಸರು ಮಾಡ್ಕೊಳ್ಳಿ ಅಂದ್ರೆ, ನಿಮ್ಮ ಹೆಸರಿದ್ರೇ ಚಂದ ಸರ್ ಅಂತಿದ್ರು."

"ಆ ನಾಲ್ಕು ಜನರಲ್ಲಿ ಭಾವಿಕೇರಿಯವರು?"

"ಹರೀಶ ಒಬ್ಬನೇ."

ಸುಗಂಧಾ ಅವರ ಕಣ್ಣೆದುರು ಆ ಚೊಂಬು ಬಂದು ನಿಂತಿತು. ಆ ನೀರಿನ ಗುಣ ಬಲ್ಲವನು ಮಾತ್ರ ಅಷ್ಟು ಗಾಬರಿಯಿಂದ ಕಸಿದುಕೊಳ್ಳಲು ಸಾಧ್ಯ.

ಸಂಜೆ ಭಾವಿಕೇರಿಯಲ್ಲಿ ಕೊಡ ಹಿಡಿದ ಹೆಂಗಸೊಬ್ಬಳು ಅಶೋಕನೊಂದಿಗೆ ಜಗಳಕ್ಕೆ ನಿಂತಿದ್ದಳು. "ವರದಿ ಓದೂಕೆ ಬತ್ತಿಲ್ವಾ ನಿಮ್ಗೆ?" ಹರೀಶ ಅಂಗಳದಲ್ಲಿದ್ದ.

"ಚೊಂಬು ಯಾಕೆ ಕಸಿದೆ?"

ಸುಗಂಧಾ ಪಟ್ಟಿಯ ಪ್ರತಿಯನ್ನು ಮುಂದೆ ಹಿಡಿದರು. ಅವನು ಬೆರಳಿಟ್ಟು ಕೊನೆಯ ಸಾಲಿನವರೆಗೂ ಓದಿದ.

"ಗೆರೆ ಹೋಗಿತ್ತಲ್ಲ ಮೇಡಂ... ಬ್ಲೀಚಿಂಗ್ ಪುಡಿ ಹಾಕ್ದೆ, ಸರಿಯಾಗ್ತದೆ ಅಂದ್ಕಂಡೆ. ಮಳೆ ಬಿತ್ತು, ಪಕ್ಕದ ಶೌಚದ ಗುಂಡಿ ಮತ್ತೆ ಬಾವಿಗೆ ಸೋರ್ತು. ಅವ್ವಿಗೆ ಕಾಯಿಸಿ ಕುಡಿ ಅಂದಿದ್ದೆ."

"ಗಾಯತ್ರಿಗೆ ಹೇಳಿದ್ಯಾ?"

ಅವನು ಪಟ್ಟಿಯ ಪ್ರತಿಯನ್ನು ಮಡಚಿ ಹಿಂತಿರುಗಿಸಿದ.

ದಸ್ತಗಿರಿ ಪಂಚನಾಮೆ ಬರೆಯುವಾಗ ಆಸ್ಪತ್ರೆಯಿಂದ ಗಂಗಿಯ ಕರೆ ಬಂತು: ಮಗು ಕಣ್ಣು ಬಿಟ್ಟಿದೆ. ಹರೀಶ ಮುಖ ಮುಚ್ಚಿಕೊಂಡು ಅತ್ತ.

ಅವನ ಹೇಳಿಕೆ ದೊಡ್ಡದೇನಲ್ಲ. ಹಿಂದೆ ಕೇರಿಯ ಹೆಂಗಸರು ನೀರಿಗಾಗಿ ದೂರದ ಮನೆಗಳ ಅಂಗಳದಲ್ಲಿ ನಿಂತು ಕೇಳಬೇಕಿತ್ತು. ಅವನ ಅಪ್ಪ ತನ್ನ ಜಾಗದಲ್ಲಿ ಬಾವಿ ತೋಡಿ, ಸುತ್ತ ಬೇಲಿ ಕಟ್ಟದೆ ಬಿಟ್ಟಿದ್ದ: ಇಲ್ಲಿ ಯಾರೂ ಕೇಳಿ ಸೇದುವುದು ಬೇಡ. ಅಪ್ಪ ಹೋದ ಮೇಲೂ ಹೊನ್ನು ಯಾರಿಗೂ ಇಲ್ಲ ಎಂದವಳಲ್ಲ. ಅವಳ ಬಾಯಲ್ಲಿ ಆ ಮಾತು ಬರಬಾರದು ಎಂದಷ್ಟೇ ಮಗ ದೋಷವನ್ನು ಹಾಳುಬಾವಿಗೆ ದಾಟಿಸಿ ಎರಡು ಶಬ್ದ ತಿದ್ದಿದ್ದ.

ಜೀಪು ಹತ್ತುವ ಮುನ್ನ ಅವನು ಹಿಂತಿರುಗಿ ನೋಡಿದ. ಹೊನ್ನು ರಾಟೆಯಿಂದ ಹಗ್ಗ ಬಿಚ್ಚಿ ತೋಳಿಗೆ ಸುತ್ತಿಕೊಳ್ಳುತ್ತಿದ್ದಳು. ಕೊಡ ಹಿಡಿದವಳು ಇನ್ನೂ ಅಲ್ಲೇ ನಿಂತಿದ್ದಳು.

"ಬೇಡ ತಂಗೀ," ಎಂದಳು ಹೊನ್ನು. "ಇಲ್ಲಿ ಸೇದಬೇಡ."