ಎರಡು ಸಲ ಅಗೆದ ಗುಂಡಿ

ತಿಥಿಯ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮಾರನೇ ಬೆಳಿಗ್ಗೆ, ಕಾಮಗೆರೆಯ ಆ ಮನೆಯಲ್ಲಿ ಮತ್ತೆ ತುಪ್ಪ ಕಾಯುವ ವಾಸನೆ ಎದ್ದಿತು. ದಿವ್ಯ ಎದ್ದು ಅಡುಗೆಮನೆಗೆ ಬಂದಳು. ಅತ್ತೆ ಚನ್ನಮಲ್ಲಮ್ಮ ಎಂದಿನಂತೆ ರಾಗಿಹಿಟ್ಟಿಗೆ ಬೆಲ್ಲ, ತುಪ್ಪ ಸುರಿದು ಅಂಗೈ ತುಂಬ ಉಂಡೆ ಕಟ್ಟುತ್ತಿದ್ದಳು... ತಿನ್ನಬೇಕಾದ ಮಗ ಮಣ್ಣು ಸೇರಿ ಹನ್ನೆರಡು ದಿನವಾಗಿತ್ತು.

ಅವರಲ್ಲಿ ಸತ್ತವರನ್ನು ಕುಳ್ಳಿರಿಸಿ ಹೂಳುತ್ತಾರೆ. ಗುಂಡಿಯನ್ನು ಎಲ್ಲರಿಗೂ ತೋಡುವ ಅಳತೆಗೇ ತೋಡಿದ್ದರು. ದಿವ್ಯಳ ಗಂಡ ಶಿವಕುಮಾರಸ್ವಾಮಿಯ ದಪ್ಪ ಮೈ ಅದರಲ್ಲಿ ಹಿಡಿಸಲಿಲ್ಲ. ಮತ್ತೆ ಮೇಲೆತ್ತಿ, ಪಕ್ಕದಲ್ಲಿ ಕೂರಿಸಿ, ಮುಕ್ಕಾಲು ಗಂಟೆ ಅಗೆದರು. ಸುತ್ತ ನಿಂತವರಲ್ಲಿ ಯಾರೋ, "ಈ ಪಾಟಿ ತಿಂದ್ರೆ ಭೂಮ್ತಾಯಿಗೂ ಭಾರ ಕಣ್ಲಾ" ಎಂದು ನಕ್ಕರು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ದಿವ್ಯ ಸೂಕ್ಷ್ಮದರ್ಶಕದಲ್ಲಿ ಇಂಥದ್ದೇ ನೋಡಿದ್ದಳು. ಬೊಜ್ಜಿನ ಜೀವಕೋಶವೊಂದು ಊದಿ ಊದಿ ಸತ್ತರೆ, ಮೈ ಕಾಯಬೇಕಾದ ರೋಗನಿರೋಧಕ ಕೋಶಗಳು ಬಳೆಯಂತೆ ಸುತ್ತ ಮುತ್ತಿಕೊಂಡು ಅದನ್ನು ತಿನ್ನುತ್ತವೆ. ಕಾಯುವುದು ಬಿಟ್ಟು ಮೈಗೆಲ್ಲ ಉರಿ ಹಚ್ಚುತ್ತವೆ. "ನಿಮ್ಮದು ಬರೀ ಬಾಯಿಚಪಲ ಅಲ್ಲ, ಒಳಗೆ ಉರೀತಿದೆ" ಎಂದು ಗಂಡನಿಗೆ ಹೇಳಿದ್ದಳು. ಅದೇ ದಿವ್ಯ ಗುಂಡಿಯ ಬಳಿ ಅವನ ಮೈ ಕಂಡು ನಾಚಿದ್ದಳು. ಅದನ್ನು ನೆನೆದರೆ ಈಗ ತನ್ನ ಮೇಲೇ ಅಸಹ್ಯ.

"ಯಾರಿಗತ್ತೆ ಈ ಉಂಡೆ?"

"ನನ್ ಮಗನ್ಗೆ. ನೀನು ಪುಸ್ತಕ ನೋಡ್ಕಂಡು ಅವನ ಒಟ್ಟೆ ಕಟ್ಟಾಕಿದ್ದೆ. ನಾನೇ ದಿನಾ ಉಳುಮನೆಗೆ ಕದ್ದು ತಕಂಡೋಗಿ ಕೊಟ್ಟು ಬತ್ತಿದ್ದೆ. ಅದೂ ಇಲ್ದಿದ್ರೆ ಇನ್ನೂ ಬೇಗ್ನೆ ಓಗ್ಬುಡನು."

ನೀವೇ ತಿನ್ನಿಸಿ ಕೊಂದಿರಿ... ಮಾತು ನಾಲಿಗೆಯ ತುದಿಗೆ ಬಂದು ನಿಂತಿತು.

ಚನ್ನಮಲ್ಲಮ್ಮ ಉಂಡೆ ಹಿಡಿದು ರೇಷ್ಮೆಹುಳು ಸಾಕುವ ಮನೆಯತ್ತ ನಡೆದಳು. ದಿವ್ಯ ಹಿಂಬಾಲಿಸಿದಳು. ಬಾಗಿಲು ತೆರೆದದ್ದೇ ಬೀದಿಯ ಕೆಂದನಾಯಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ಕೊಬ್ಬಿದ್ದು, ಏದುಸಿರು ಬಿಡುತ್ತಾ ಒಳಗೆ ಬಂತು. ಶಿವಕುಮಾರಸ್ವಾಮಿ ಕೂರುತ್ತಿದ್ದ ಮಣೆಯ ಮುಂದೆ ಕುಳಿತು, ಉಂಡೆಗಾಗಿ ಬಾಯಿ ತೆರೆಯಿತು.

ಮಣೆಯ ಹಿಂದೆ ರೇಷ್ಮೆಗೂಡು ತೂಗುವ ಯಂತ್ರವಿತ್ತು. ಮೇಲೆ ಗೋಡೆಯಲ್ಲಿ ಸೀಮೆಸುಣ್ಣದ ಅಂಕಿಗಳು, ಸೋಮವಾರಕ್ಕೊಂದು. ಮೊದಲನೆಯದು ನೂರ ನಲವತ್ಮೂರು. ಕೊನೆಯದು ನೂರ ಮೂವತ್ತೊಂದು.

"ಇದೇನವ್ವಾ?" ಎಂದಳು ಅತ್ತೆ.

"ಅವರ ತೂಕ. ಇಳೀತಾ ಇತ್ತು. ಹನ್ನೆರಡು ಕೇಜಿ."

ಚನ್ನಮಲ್ಲಮ್ಮ ಗೋಡೆ ನೋಡಿದಳು. ನಾಯಿಯನ್ನು ನೋಡಿದಳು. ಉಂಡೆ ಕೈಯಿಂದ ಜಾರಿತು.

"ನೀ ಓಗವ್ವ, ಆಮೇಕೆ ತಿನ್ತೀನಿ ಅನ್ನನು... ನನ್ ಮನ್ಸು ನೋಯ್ಬಾರ್ದು ಅಂತ..."

"ಇಳಿಸೋಕೆ ಶುರು ಮಾಡಿದ್ದೇ ತಡವಾಗಿತ್ತು ಅತ್ತೆ. ಅವರ ಹೃದಯ ತಡೀಲಿಲ್ಲ."

ಯಂತ್ರ ಪಕ್ಕದ ಬೀದಿಯ ಜಡೇಸ್ವಾಮಿಯದು. ಅದನ್ನು ಮರಳಿಸಲು ಅತ್ತೆ ಸೊಸೆ ಆಚೀಚೆ ಹಿಡಿದು ಹೊತ್ತೊಯ್ದರು. ಅವನ ಜಗುಲಿಯ ಮೇಲೆ ನಾಲ್ಕು ಜನ ಕುಳಿತಿದ್ದರು; ಗುಂಡಿಯ ಬಳಿ ನಕ್ಕವರೂ ಇದ್ದರು.

"ಗೂಡು ತೂಗ್ಬೇಕು ಅಂತ ಈಸ್ಕಂಡೋಗಿದ್ದ, ಪಾಪ" ಎಂದ ಜಡೇಸ್ವಾಮಿ.

"ಗೂಡಲ್ಲ ಕಣಪ್ಪ" ಎಂದಳು ಚನ್ನಮಲ್ಲಮ್ಮ, ಜಗುಲಿಯವರಿಗೆಲ್ಲ ಕೇಳುವಂತೆ. "ತನ್ನೇ ತೂಗ್ಕತಿದ್ದ. ಅನ್ನೆರಡು ಕೇಜಿ ಇಳ್ಸಿದ್ದ ನನ್ ಮಗ. ಇವಳು ಏಳ್ದಂಗೆ ಕೇಳಿ ಇಳ್ಸಿದ್ದ."

ಯಾರೂ ನಗಲಿಲ್ಲ. ದಿವ್ಯ ತಾನು ಹಿಡಿದಿದ್ದ ಬದಿಯನ್ನು ಮೆಲ್ಲಗೆ ನೆಲಕ್ಕಿಳಿಸಿದಳು.